ಜೊಲ್ಲಿನ ಹನಿಯಲ್ಲಿ ಸ್ತನ ಕ್ಯಾನ್ಸರ್ ಪತ್ತೆ: ಈ ಬಯೋಸೆನ್ಸರ್ ಕೋಲಾರ ಜಿಲ್ಲೆಯ ಹೆಣ್ಣುಮಕ್ಕಳಿಗೆ ಏನು ಕೊಡಬಲ್ಲದು?

ಮಾಲೂರು ಮೇಡಂ:
ನಮ್ಮ ಶಾಲೆಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ. "ಐದೇ ಸೆಕೆಂಡಿನಲ್ಲಿ ಸ್ತನ ಕ್ಯಾನ್ಸರ್ ಪತ್ತೆ. ಜೊಲ್ಲಿನ ಒಂದು ಹನಿ ಸಾಕು. ಇನ್ನು ಮ್ಯಾಮೊಗ್ರಾಂ ಬೇಕಿಲ್ಲ." (ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್-ರೇ.) ಕೆಳಗೆ ಸಕ್ಕರೆ ಕಾಯಿಲೆ ನೋಡುವ ಪಟ್ಟಿಯಂಥದೊಂದು ಚಿತ್ರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಪೋಷಕರು ನನ್ನನ್ನೇ ಕೇಳುತ್ತಿದ್ದಾರೆ. ಮೂಲ ಹುಡುಕಿದೆ. ಸುದ್ದಿ ಹುಟ್ಟಿದ್ದು ಸುಳ್ಳಿನಿಂದಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು ತೈವಾನಿನ ಸಂಶೋಧಕರೊಂದಿಗೆ ಸೇರಿ 2024ರಲ್ಲಿ ಪ್ರಕಟಿಸಿದ ಕೆಲಸ ಅದು. ಮಾರುಕಟ್ಟೆಯಲ್ಲಿ ಸಿಗುವ ಗ್ಲೂಕೋಸ್ ಪಟ್ಟಿಗೆ ಪ್ರತಿಕಾಯಗಳನ್ನು, ಅಂದರೆ ಒಂದು ನಿರ್ದಿಷ್ಟ ಪ್ರೋಟೀನಿಗೆ ಹೋಗಿ ಅಂಟುವ ಅಣುಗಳನ್ನು, ಕೂರಿಸಿ, ಜೊಲ್ಲಿನಲ್ಲಿರುವ ಹರ್-2 ಮತ್ತು ಸಿಎ 15-3 ಎಂಬ ಎರಡು ಪ್ರೋಟೀನುಗಳನ್ನು ಅಳೆದಿದ್ದಾರೆ. ಐದು ಸೆಕೆಂಡಿನೊಳಗೆ ಫಲಿತಾಂಶ ಬರುವುದೂ ನಿಜ. ಆದರೆ ಪರೀಕ್ಷಿಸಿದ್ದು 21 ಜನರ ಮಾದರಿಗಳನ್ನು ಮಾತ್ರ. "ಮ್ಯಾಮೊಗ್ರಾಂ ಬೇಡ" ಎಂದು ಅವರೆಲ್ಲೂ ಬರೆದಿಲ್ಲ.

ಸಂದೇಶದ ಆ ಕೊನೆಯ ಸಾಲೇ ನನ್ನ ಆತಂಕ. ಮ್ಯಾಮೊಗ್ರಾಂ ಮಾಡಿಸಿ ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದ ಇಬ್ಬರು ತಾಯಂದಿರು "ಹೊಸ ಪಟ್ಟಿ ಬರಲಿ, ಆಮೇಲೆ ನೋಡೋಣ" ಎಂದು ಕುಳಿತಿದ್ದಾರೆ. ಅವರಿಗೆ ಏನು ಹೇಳಲಿ? ಈ ಸಂವೇದಕ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿಯವರೆಗೆ ಬಂದಿದೆ? ತಿಳಿದವರು ಬಿಡಿಸಿ ಬರೆಯಿರಿ.

ಬಂಗಾರಪೇಟೆ ಪ್ಯಾಸೆಂಜರ್:
ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇದೇ ವಿಷಯದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಟ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬಯೋಸೆನ್ಸರ್ ಹೊಸದೇನಲ್ಲ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿ ಆಮ್ಲಜನಕ ಅಳೆಯುವ ವಿದ್ಯುದ್ವಾರದ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕೂರಿಸುವ ಉಪಾಯವನ್ನು ಮುಂದಿಟ್ಟರು. ಇಂದು ಮನೆಮನೆಯಲ್ಲಿರುವ ಸಕ್ಕರೆ ಮೀಟರ್ ಅದೇ ವಂಶದ್ದು. ಎಲ್ಲ ಬಯೋಸೆನ್ಸರುಗಳಲ್ಲೂ ಎರಡು ಕೆಲಸ ನಡೆಯಬೇಕು. ಒಂದು, ಬೇಕಾದ ಅಣುವನ್ನೋ ಕೋಶವನ್ನೋ ಗುರುತಿಸಿ ಹಿಡಿದುಕೊಳ್ಳುವುದು. ಅದಕ್ಕೆ ಪ್ರತಿಕಾಯ, ಕಿಣ್ವ, ಡಿಎನ್‌ಎ ತುಣುಕು ಇವುಗಳಲ್ಲಿ ಯಾವುದನ್ನಾದರೂ ಬಳಸುತ್ತಾರೆ. ಎರಡು, ಹಿಡಿದ ಸಂಗತಿಯನ್ನು ಅಳೆಯಬಹುದಾದ ಸಂಕೇತವಾಗಿ ಬದಲಿಸುವುದು. ಅದು ವಿದ್ಯುತ್ ಆಗಬಹುದು, ಬೆಳಕಾಗಬಹುದು, ಸ್ಫಟಿಕದ ಕಂಪನವೂ ಆಗಬಹುದು.

ನಾನು ಮಾಡುವುದನ್ನೇ ಹೇಳುತ್ತೇನೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಪಟ್ಟಿ, ಅದರ ತುದಿಯಲ್ಲಿ ಚಿನ್ನದ ಸಣ್ಣ ವೃತ್ತ. ಆ ವೃತ್ತದ ಮೇಲೆ ಕ್ಯಾನ್ಸರ್ ಕೋಶದ ಹೊರಮೈಯಲ್ಲಿ ಹೆಚ್ಚಾಗಿರುವ ಪ್ರೋಟೀನಿಗೆ, ಅಂದರೆ ಎಪ್‌ಕ್ಯಾಮ್, ಮ್ಯೂಕ್-1 ಅಥವಾ ಹರ್-2ಗೆ, ಅಂಟುವ ಪ್ರತಿಕಾಯವನ್ನು ಕೂರಿಸುತ್ತೇನೆ. ಪ್ರತಿಕಾಯಗಳ ನಡುವೆ ಖಾಲಿ ಉಳಿದ ಜಾಗಕ್ಕೆ ದನದ ಸೀರಮ್ಮಿನ ಆಲ್ಬುಮಿನ್ ಸುರಿಯುತ್ತೇನೆ. ಕೋಲಾರ ಬಸ್ ನಿಲ್ದಾಣದಲ್ಲಿ ಖಾಲಿ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುತ್ತಾರಲ್ಲ, ಹಾಗೆ. ಸಂಬಂಧವಿಲ್ಲದ ಪ್ರೋಟೀನುಗಳು ಬಂದು ಅಲ್ಲಿ ಕೂರಬಾರದು. ಆಮೇಲೆ ಕೋಶಗಳಿರುವ ದ್ರವದ ಹನಿ. ಒಂದಷ್ಟು ಹೊತ್ತು ಕಾದು, ಬಫರ್ ದ್ರಾವಣದಿಂದ ಮೆಲ್ಲಗೆ ತೊಳೆಯಬೇಕು. ಜೋರಾಗಿ ತೊಳೆದರೆ ಹಿಡಿದ ಕೋಶವೂ ಹೋಗುತ್ತದೆ, ತೀರಾ ಮೆಲ್ಲಗಾದರೆ ಅಂಟದ ಕೋಶವೂ ಉಳಿಯುತ್ತದೆ. ಕೊನೆಗೆ ಹಳದಿ ಬಣ್ಣದ ಫೆರಿಸಯನೈಡ್ ದ್ರಾವಣ ಬಿಟ್ಟು ವಿದ್ಯುತ್ ಹಾಯಿಸುತ್ತೇನೆ. ಖಾಲಿ ಚಿನ್ನದ ಮೇಲೆ ಎಲೆಕ್ಟ್ರಾನುಗಳು ಸಲೀಸಾಗಿ ದಾಟುತ್ತವೆ. ಕೋಶಗಳು ಕೂತಿದ್ದರೆ ದಾರಿ ಕಟ್ಟುತ್ತದೆ, ರೋಧ ಏರುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಅರ್ಧವೃತ್ತ ಕಾಣುತ್ತದೆ. ಕೋಶ ಹೆಚ್ಚಿದಷ್ಟೂ ಅದು ದೊಡ್ಡದಾಗುತ್ತದೆ. ಮೊದಲ ಸಲ ಅದು ನಿಯಮ ಹಿಡಿದಂತೆ ಬೆಳೆದದ್ದನ್ನು ಕಂಡಾಗ ಆದ ಸಂತೋಷವನ್ನು ಹೇಳಲು ಬರುವುದಿಲ್ಲ.

ಆದರೆ ನಾನು ಬಳಸುವ ಕೋಶ ರೋಗಿಯಿಂದ ನೇರವಾಗಿ ಬಂದದ್ದಲ್ಲ. ಪ್ರಪಂಚದ ಬಹುಪಾಲು ಪ್ರಯೋಗಾಲಯಗಳಂತೆ ನಾವೂ ಎಂಸಿಎಫ್-7 ಎಂಬ ಕೋಶಸಾಲನ್ನು ಬೆಳೆಸುತ್ತೇವೆ. ರೋಗ ದೇಹದಲ್ಲಿ ಹರಡಿದ್ದ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಗೂಡಿನ ದ್ರವದಿಂದ 1970ರಲ್ಲಿ ತೆಗೆದ ಕೋಶಗಳ ಸಂತತಿ ಅದು. ಎಂಸಿಎಫ್ ಎಂದರೆ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್. ಶುದ್ಧ ದ್ರಾವಣದಲ್ಲಿ ಈ ಕೋಶಗಳನ್ನು ಬೆರೆಸಿ "ಇಷ್ಟು ಕಡಿಮೆ ಕೋಶವನ್ನೂ ಹಿಡಿದೆವು" ಎಂದು ಪ್ರಬಂಧ ಬರೆಯುವುದಕ್ಕೂ ಮುಳಬಾಗಿಲಿನ ಒಬ್ಬ ತಾಯಿಯ ರಕ್ತದಲ್ಲಿ ಹಿಡಿಯುವುದಕ್ಕೂ ಬಹಳ ಅಂತರವಿದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳು, ಲಕ್ಷಗಟ್ಟಲೆ ಬಿಳಿ ಕಣಗಳು ಇರುತ್ತವೆ. ಗಡ್ಡೆಯಿಂದ ಬಿಡಿಸಿಕೊಂಡು ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶಗಳನ್ನು ಎಣಿಸಲು 2004ರಲ್ಲೇ ಅಮೆರಿಕದಲ್ಲಿ ಸೆಲ್‌ಸರ್ಚ್ ಎಂಬ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅಲ್ಲಿನ ಗಡಿರೇಖೆ ಏನು ಗೊತ್ತೇ? ಏಳೂವರೆ ಮಿಲಿಲೀಟರ್ ರಕ್ತದಲ್ಲಿ 5 ಕೋಶ. ಅದೂ ರೋಗ ಆಗಲೇ ಬೇರೆ ಅಂಗಗಳಿಗೆ ಹರಡಿದವರಲ್ಲಿ, ಮುಂದೇನಾಗಬಹುದು ಎಂದು ಅಂದಾಜು ಮಾಡಲು. ಆರಂಭದ ಹಂತದಲ್ಲಿ ಅಷ್ಟೂ ಸಿಗುವುದಿಲ್ಲ.

ಚಾಂಪಿಯನ್ ರೀಫ್:
ಕೆಜಿಎಫ್‌ನವನು. ತಂದೆ ಗಣಿಯಲ್ಲಿ ದುಡಿದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮನೆಗೆ ಬಂದರು. ಚಿನ್ನದ ವೃತ್ತ ಎಂದಿರಿ. ಅಗ್ಗದ ಪಟ್ಟಿಗೆ ಚಿನ್ನವೇ ಏಕೆ ಬೇಕು? ತಾಮ್ರ ಆಗುವುದಿಲ್ಲವೇ?

ಬಂಗಾರಪೇಟೆ ಪ್ಯಾಸೆಂಜರ್:
ಕೆಜಿಎಫ್‌ನವರೇ ಕೇಳಬೇಕಾದ ಪ್ರಶ್ನೆ. ಚಿನ್ನ ತುಕ್ಕು ಹಿಡಿಯುವುದಿಲ್ಲ, ರಕ್ತದ ಉಪ್ಪಿನಲ್ಲಿ ಕರಗಿ ತಾನೇ ಸಂಕೇತ ಕೊಡುವುದಿಲ್ಲ. ತಾಮ್ರ ಎರಡನ್ನೂ ಮಾಡುತ್ತದೆ. ಇನ್ನೊಂದು ದೊಡ್ಡ ಕಾರಣ ಗಂಧಕ. ಚಿನ್ನಕ್ಕೂ ಗಂಧಕಕ್ಕೂ ಗಟ್ಟಿ ನಂಟು. ಒಂದು ತುದಿಯಲ್ಲಿ ಗಂಧಕವಿರುವ ಅಣುಗಳನ್ನು ಸುರಿದರೆ ಅವು ತಾವಾಗಿಯೇ ಚಿನ್ನದ ಮೇಲೆ ಒತ್ತೊತ್ತಾಗಿ ನಿಂತುಕೊಳ್ಳುತ್ತವೆ, ಅವುಗಳ ಇನ್ನೊಂದು ತುದಿಗೆ ಪ್ರತಿಕಾಯ ಕಟ್ಟಬಹುದು. ಬಳಸುವ ಚಿನ್ನವೂ ಕಣ್ಣಿಗೆ ಕಾಣದಷ್ಟು ತೆಳು ಪದರ. ಗರ್ಭಧಾರಣೆ ನೋಡುವ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಕೂಡ ಸಾಮಾನ್ಯವಾಗಿ ಚಿನ್ನದ ನ್ಯಾನೊ ಕಣಗಳದ್ದೇ. ಅಷ್ಟು ಸಣ್ಣದಾದಾಗ ಚಿನ್ನ ಕೆಂಪಗೆ ಕಾಣುತ್ತದೆ.

ನಿಮ್ಮ ಊರಿನಿಂದ ಇನ್ನೊಂದು ಪಾಠವೂ ಇದೆ. 1965ರಲ್ಲಿ ಕೆಜಿಎಫ್ ಗಣಿಯಾಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ, ಬಹಳ ವಿರಳವಾಗಿ ಸಿಕ್ಕಿಬೀಳುವ ಕಣಗಳ ಗುರುತು ಹಿಡಿದರು. ಅಷ್ಟು ಕೆಳಗೆ ಇಳಿದದ್ದು ಉಪಕರಣವನ್ನು ಇನ್ನಷ್ಟು ಸೂಕ್ಷ್ಮ ಮಾಡುವುದಕ್ಕಲ್ಲ, ಮೇಲಿನಿಂದ ಸುರಿಯುವ ಬೇರೆ ಕಣಗಳ ಗದ್ದಲ ತಪ್ಪಿಸುವುದಕ್ಕೆ. ನಮ್ಮ ಕ್ಷೇತ್ರದ ಕಷ್ಟವೂ ಅದೇ. ಒಂದು ಮಿಲಿಲೀಟರಿನಲ್ಲಿ ಒಂದು ಗ್ರಾಮಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲನ್ನು ಅಳೆಯಬಲ್ಲೆವು ಎಂದು ಫ್ಲಾರಿಡಾದವರು ಬರೆದಿದ್ದಾರೆ. ಸೂಕ್ಷ್ಮತೆ ಈಗಾಗಲೇ ಬೇಕಾದಷ್ಟಿದೆ. ಗದ್ದಲ ಕಡಿಮೆ ಮಾಡುವುದೇ ಉಳಿದಿರುವ ಕೆಲಸ.

ಕೋಲಾರದ ಪೆಥಾಲಜಿಸ್ಟ್:
ಚೆನ್ನಾಗಿ ಬರೆದಿದ್ದೀರಿ. ಗಡ್ಡೆಯ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದು ನನ್ನ ಕೆಲಸ. ಆ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಒಂದೆರಡು ಕಡೆ ಒಪ್ಪುವುದಿಲ್ಲ.

ಯಾವುದನ್ನು ಹಿಡಿಯುತ್ತಿದ್ದೇವೆ ಎಂಬುದು ಎಷ್ಟು ಸೂಕ್ಷ್ಮವಾಗಿ ಹಿಡಿಯುತ್ತೇವೆ ಎಂಬುದಕ್ಕಿಂತ ಮುಖ್ಯ. ಸಿಎ 15-3 ಆರಂಭದ ಹಂತದಲ್ಲಿ ಬಹುತೇಕ ಏರುವುದೇ ಇಲ್ಲ. ಯಕೃತ್ತಿನ ತೊಂದರೆಯಂಥ ಬೇರೆ ಕಾರಣಗಳಿಗೂ ಏರುತ್ತದೆ. ಹಾಗಾಗಿಯೇ ತಪಾಸಣೆಗೆ ಅದನ್ನು ಬಳಸಬೇಡಿ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಹರ್-2 ಹೆಚ್ಚಾಗಿರುವುದು ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 15ರಿಂದ 20ರಷ್ಟರಲ್ಲಿ ಮಾತ್ರ. ಈಸ್ಟ್ರೋಜೆನ್ ಗ್ರಾಹಕ (ಇಆರ್), ಪ್ರೊಜೆಸ್ಟರೋನ್ ಗ್ರಾಹಕ (ಪಿಆರ್), ಹೆಚ್ಚಿನ ಹರ್-2 ಮೂರೂ ಇಲ್ಲದ, ನಾವು ಟ್ರಿಪಲ್ ನೆಗೆಟಿವ್ ಎನ್ನುವ ಬಗೆ ನಮ್ಮ ದೇಶದಲ್ಲಿ ಪಾಶ್ಚಾತ್ಯರಿಗಿಂತ ಹೆಚ್ಚು. ಬೇಗ ಬೆಳೆಯುವುದು, ಕಿರಿಯ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವುದು ಅದು. ಹರ್-2 ಹುಡುಕುವ ಪಟ್ಟಿ ಅದರ ಮುಂದೆ ಕುರುಡು.

ಇನ್ನು ಗಾತ್ರದ ಮಾತು. ಒಂದು ಸೆಂಟಿಮೀಟರಿನ ಗಡ್ಡೆಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಕೋಶಗಳಿರುತ್ತವೆ ಎಂದು ಅಂದಾಜು. ಕೈಗೆ ಸಿಗುವ ಹೊತ್ತಿಗೆ ಅದು ಎಷ್ಟೋ ಕಾಲದಿಂದ ಬೆಳೆದಿರುತ್ತದೆ. ಅದಕ್ಕಿಂತ ಮೊದಲೇ ಹಿಡಿಯುವ ಕನಸು ದೊಡ್ಡದು, ನನಗೂ ಅದರಲ್ಲಿ ಆಸೆಯಿದೆ. ಆದರೆ ನನ್ನ ಮೇಜಿಗೆ ಬರುವ ಗಡ್ಡೆಗಳು ಒಂದು ಸೆಂಟಿಮೀಟರಿನವಲ್ಲ. ಐದು ಸೆಂಟಿಮೀಟರಿನವು ಬರುತ್ತವೆ, ಚರ್ಮ ಒಡೆದವು ಬರುತ್ತವೆ. ಆ ಹೆಣ್ಣುಮಕ್ಕಳಿಗೆ ಗಂಟು ಇರುವುದು ತಿಂಗಳುಗಳಿಂದ ಗೊತ್ತಿತ್ತು. ಅಲ್ಲಿ ಸೋತದ್ದು ಯಾವ ಸಂವೇದಕವೂ ಅಲ್ಲ.

ಮಾಲೂರು ಮೇಡಂ, ನಿಮ್ಮ ಆ ಇಬ್ಬರು ತಾಯಂದಿರಿಗೆ ನನ್ನ ಉತ್ತರ ನೇರ: ಚೀಟಿ ಕೊಟ್ಟಿದ್ದರೆ ಈ ವಾರವೇ ಹೋಗಲಿ. ಯಾವ ಪಟ್ಟಿಗೂ ಕಾಯಬೇಡಿ.

ಲೆಕ್ಕದ ಮೇಷ್ಟ್ರು, ಮುಳಬಾಗಿಲು:
ಎಲ್ಲರೂ ಸೂಕ್ಷ್ಮತೆಯ ಬಗ್ಗೆ ಮಾತನಾಡುತ್ತಿದ್ದೀರಿ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸಂಖ್ಯೆಗಳನ್ನು ನಾನೇ ಇಟ್ಟುಕೊಂಡಿದ್ದೇನೆ, ಲೆಕ್ಕದ ದಾರಿ ಮುಖ್ಯ.

ಹತ್ತು ಸಾವಿರ ಹೆಂಗಸರು ಪರೀಕ್ಷೆಗೆ ಬಂದರು ಎನ್ನಿ. ಅವರಲ್ಲಿ 30 ಜನಕ್ಕೆ ರೋಗವಿದೆ ಎನ್ನಿ. ರೋಗವಿದ್ದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುವ, ರೋಗವಿಲ್ಲದವರಲ್ಲಿ ನೂರಕ್ಕೆ 95 ಜನರಿಗೆ ಸರಿಯಾಗಿ "ಇಲ್ಲ" ಎನ್ನುವ ಒಳ್ಳೆಯ ಪಟ್ಟಿ ನಮ್ಮ ಕೈಯಲ್ಲಿದೆ. 30ರಲ್ಲಿ 27 ಸಿಕ್ಕಿತು. ಆದರೆ ರೋಗವಿಲ್ಲದ 9,970 ಜನರಲ್ಲಿ ನೂರಕ್ಕೆ ಐದರಂತೆ ಸುಮಾರು 498 ಜನರಿಗೂ "ಇದೆ" ಎಂದಿತು. ಒಟ್ಟು 525 ಮನೆಗಳಲ್ಲಿ ಆ ರಾತ್ರಿ ಯಾರೂ ನಿದ್ದೆ ಮಾಡುವುದಿಲ್ಲ. ನಿಜವಾಗಿ ರೋಗವಿರುವುದು 27 ಮನೆಗಳಲ್ಲಿ. ಇಪ್ಪತ್ತರಲ್ಲಿ ಒಂದು ಎಂದುಕೊಳ್ಳಿ.

ಈಗ ಅದೇ ಪಟ್ಟಿಯನ್ನು ಗಂಟು ಸಿಕ್ಕಿದವರ ಮೇಲೆ ಮಾತ್ರ ಬಳಸೋಣ. ಅಂಥ ನೂರು ಜನರಲ್ಲಿ 10 ಜನಕ್ಕೆ ಕ್ಯಾನ್ಸರ್ ಇದೆ ಎನ್ನಿ. 9 ಸಿಕ್ಕಿತು. ಉಳಿದ 90ರಲ್ಲಿ ನಾಲ್ಕೋ ಐದೋ ಸುಳ್ಳು ಎಚ್ಚರಿಕೆ. "ಇದೆ" ಎಂದ ಹದಿಮೂರು ಹದಿನಾಲ್ಕು ಜನರಲ್ಲಿ ಒಂಬತ್ತು ನಿಜ. ಪಟ್ಟಿ ಬದಲಾಗಲಿಲ್ಲ, ಯಾರ ಮೇಲೆ ಬಳಸಿದೆವು ಎಂಬುದು ಬದಲಾಯಿತು. ನನಗೆ ಈ ಎರಡನೆಯ ದಾರಿಯೇ ನಮ್ಮ ಜಿಲ್ಲೆಗೆ ಸರಿ ಎನಿಸುತ್ತದೆ.

ಕೋಲಾರದ ಪೆಥಾಲಜಿಸ್ಟ್:
ಮೇಷ್ಟ್ರೇ, ಲೆಕ್ಕ ಸರಿ. ಆದರೆ ಆ ಹತ್ತನೆಯ ಹೆಂಗಸನ್ನು ನೋಡಿ. ಗಂಟು ಇದೆ, ಪಟ್ಟಿ "ಇಲ್ಲ" ಎಂದಿತು. ಅವಳು ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ, ಮನೆಯವರೂ ಸುಮ್ಮನಾಗುತ್ತಾರೆ. ಗಂಟು ಸಿಕ್ಕ ಮೇಲೆ ವೈದ್ಯರ ಕೈಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್, ಸೂಜಿಯಿಂದ ತುಣುಕು ತೆಗೆದು ನೋಡುವ ಬಯಾಪ್ಸಿ ಈ ಮೂರೂ ಆಗಬೇಕು. ಪಟ್ಟಿ ಇವುಗಳ ಜಾಗಕ್ಕೆ ಬರುವುದಾದರೆ ನಾನು ವಿರೋಧಿಸುತ್ತೇನೆ.

ಶ್ರೀನಿವಾಸಪುರದ ಆಶಾ:
ನೀವೆಲ್ಲ ಆಸ್ಪತ್ರೆಯ ಒಳಗಿನಿಂದ ನೋಡುತ್ತೀರಿ. ನಾನು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಬಾಗಿಲಿನಿಂದ ಹೇಳುತ್ತೇನೆ.

ಮೂವತ್ತು ದಾಟಿದವರ ಮನೆಗೆ ಹೋಗಿ ಸಿಬ್ಯಾಕ್ ಎಂಬ, ರೋಗದ ಅಪಾಯ ಅಂದಾಜಿಸುವ ಪ್ರಶ್ನೆಗಳ ನಮೂನೆ ತುಂಬಬೇಕು. ಅದರಲ್ಲಿ ಹೆಂಗಸರಿಗೆ ಕೇಳುವ ಪ್ರಶ್ನೆಗಳಿವೆ: ಎದೆಯಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತ ಬೆರೆತ ಸ್ರಾವ ಇದೆಯೇ, ಆಕಾರದಲ್ಲಿ ಗಾತ್ರದಲ್ಲಿ ಬದಲಾವಣೆ ಇದೆಯೇ. ನಾನು ಕೇಳುವಾಗ ಅತ್ತೆ ಪಕ್ಕದಲ್ಲೇ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿರುತ್ತಾರೆ, ಗಂಡ ಜಗುಲಿಯಲ್ಲಿ. ಮೂರಕ್ಕೂ "ಇಲ್ಲ ಅಕ್ಕ" ಎಂಬ ಉತ್ತರ. ಆಮೇಲೆ ನಲ್ಲಿಯ ಹತ್ತಿರ ಸಿಕ್ಕಾಗ ಸೆರಗು ಸರಿಪಡಿಸಿಕೊಳ್ಳುತ್ತಾ "ಒಂದು ಮಾತು ಕೇಳಲಾ" ಎನ್ನುತ್ತಾರೆ. ನಮೂನೆಯಲ್ಲಿ ಆಗಲೇ "ಇಲ್ಲ" ಎಂದು ಬರೆದಾಗಿರುತ್ತದೆ. ನಾನು ಮತ್ತೆ ತಿದ್ದುತ್ತೇನೆ.

ಕೈಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಬನ್ನಿ ಎಂದರೆ ಬಟ್ಟೆ ಬಿಚ್ಚಬೇಕಲ್ಲ ಎಂಬ ಸಂಕೋಚ. ಟೊಮೆಟೊ ಕೊಯ್ಲಿನ ದಿನವಾದರೆ ಕೂಲಿ ಹೋಗುತ್ತದೆ ಎಂಬ ಚಿಂತೆ. ಅದಕ್ಕೇ ಜೊಲ್ಲಿನ ಪರೀಕ್ಷೆ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಉಗುಳಿ ಕೊಡಲು ಯಾರೂ ನಾಚುವುದಿಲ್ಲ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ಇದಕ್ಕೆ ಒಲ್ಲೆ ಎನ್ನುವರೇ? ನಿಮ್ಮ ಪಟ್ಟಿ ಪೂರ್ತಿ ಸರಿಯಿಲ್ಲದಿದ್ದರೂ ನನಗೆ ಮಾತು ಶುರುಮಾಡುವ ದಾರಿಯೊಂದು ಸಿಗುತ್ತದೆ. ಅದನ್ನು ಸಣ್ಣದೆಂದು ತಳ್ಳಬೇಡಿ ಸರ್.

ಮುಳಬಾಗಿಲಿನವನು:
ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಗಂಟು ಸಿಕ್ಕಾಗ ಮಗುವಿಗೆ ಇನ್ನೂ ಹಾಲು ಕುಡಿಸುತ್ತಿದ್ದಳು. ಹತ್ತಿರದ ಒಂದು ಖಾಸಗಿ ಕ್ಲಿನಿಕ್‌ನಲ್ಲಿ "ಹಾಲಿನ ಗಂಟು, ತಾನಾಗಿಯೇ ಹೋಗುತ್ತದೆ" ಎಂದು ಮಾತ್ರೆ ಬರೆದುಕೊಟ್ಟರು. ತಿಂಗಳು ಕಳೆದ ಮೇಲೆ ಹೋದಾಗ ಅದೇ ಮಾತು, ಬೇರೆ ಮಾತ್ರೆ. ವಯಸ್ಸು ಚಿಕ್ಕದು, ಅದೆಲ್ಲ ಇರುವುದಿಲ್ಲ ಎಂದರು. ಅವಳಿಗೆ ಮಾತ್ರ ಅನುಮಾನ ಹೋಗಲಿಲ್ಲ. ನೋವಿಲ್ಲ ಎಂಬುದೇ ಅವಳಿಗೆ ಹೆದರಿಕೆಯಾಗಿತ್ತು. ಹಾಲು ಕಟ್ಟಿದರೆ ನೋಯುತ್ತದೆ ಎಂದು ಮೊದಲ ಮಗುವಿನಲ್ಲಿ ನೋಡಿದ್ದಳು. ಕೊನೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರೋಗ ಕಂಕುಳಿನ ಗ್ರಂಥಿಗೆ ಹರಡಿತ್ತು. ಚಿಕಿತ್ಸೆ ನಡೆದಿದೆ, ಈಗ ಮನೆಯಲ್ಲಿದ್ದಾಳೆ, ಗಟ್ಟಿಯಾಗಿದ್ದಾಳೆ.

ನಾನು ಹೇಳುವುದು ಇಷ್ಟೇ. ಆ ಕ್ಲಿನಿಕ್ಕಿನ ಮೇಜಿನ ಮುಂದೆ ನಮ್ಮಂಥವರ ಬಾಯಿಮಾತಿಗೆ ಬೆಲೆಯಿರಲಿಲ್ಲ. ಕೈಯಲ್ಲಿ ಒಂದು ಕಾಗದ, ಒಂದು ಕೆಂಪು ಗೆರೆ, ಏನಾದರೂ ಇದ್ದಿದ್ದರೆ "ಇದನ್ನು ನೋಡಿ, ಮುಂದಕ್ಕೆ ಬರೆದುಕೊಡಿ" ಎಂದು ಕೇಳಬಹುದಿತ್ತು. ಡಾಕ್ಟರಿಗೆ ಪಟ್ಟಿ ಬೇಕಿಲ್ಲದಿರಬಹುದು. ನಮಗೆ ಬೇಕು.

ಬಂಗಾರಪೇಟೆ ಪ್ಯಾಸೆಂಜರ್:
ಅಣ್ಣ, ನಿಮ್ಮ ಮಾತು ನನ್ನ ಕೆಲಸವನ್ನೇ ಬೇರೆ ಕಣ್ಣಿನಿಂದ ನೋಡುವಂತೆ ಮಾಡಿತು. ಇಷ್ಟು ದಿನ ಈ ಪಟ್ಟಿಯನ್ನು ವೈದ್ಯರ ಕೈಗೆ ಕೊಡುವ ಸಾಧನ ಎಂದೇ ಎಣಿಸಿದ್ದೆ.

ಕೋಲಾರದ ಪೆಥಾಲಜಿಸ್ಟ್:
ನಿಮ್ಮ ಮನೆಯವರು ಚೇತರಿಸಿಕೊಂಡದ್ದು ಕೇಳಿ ಸಮಾಧಾನವಾಯಿತು. ಒಂದು ಪ್ರಶ್ನೆ ಕೇಳಬಹುದೇ? ಅವರ ವರದಿಯಲ್ಲಿ ಇಆರ್, ಪಿಆರ್, ಹರ್-2 ಎದುರು ಏನಿತ್ತು?

ಮುಳಬಾಗಿಲಿನವನು:
ಮೂರರ ಎದುರೂ ನೆಗೆಟಿವ್.

ಕೋಲಾರದ ಪೆಥಾಲಜಿಸ್ಟ್:
ಹಾಗಿದ್ದರೆ ಹರ್-2 ನೋಡುವ ಪಟ್ಟಿಯಲ್ಲಿ ಅವರಿಗೆ ಗೆರೆ ಮೂಡುವ ಸಾಧ್ಯತೆ ಕಡಿಮೆಯಿತ್ತು. ಆ ಕ್ಲಿನಿಕ್ಕಿನವರ ಕೈಗೆ "ಏನೂ ಇಲ್ಲ" ಎನ್ನಲು ಒಂದು ಆಧಾರವೇ ಸಿಗುತ್ತಿತ್ತು. ನಿಮ್ಮ ಹೆಂಡತಿಯ ಅನುಮಾನ ಆ ಪಟ್ಟಿಗಿಂತ ಸರಿಯಾಗಿತ್ತು. ಇದನ್ನು ನಿಮ್ಮ ನೋವಿನ ಮೇಲೆ ವಾದ ಗೆಲ್ಲಲು ಹೇಳುತ್ತಿಲ್ಲ. ನಿಮ್ಮಂಥವರ ಕೈಗೆ ಪುರಾವೆ ಕೊಡಬೇಕೆಂಬುದು ನನಗೆ ಪೂರ್ತಿ ಒಪ್ಪಿಗೆ. ಆ ಪುರಾವೆ ಅವಳ ವಿರುದ್ಧವೇ ತಿರುಗಬಾರದು.

ಲೆಕ್ಕದ ಮೇಷ್ಟ್ರು, ಮುಳಬಾಗಿಲು:
ಹಾಗಾದರೆ ನಿಯಮವನ್ನೇ ಒಂದು ಕಡೆಗೆ ವಾಲಿಸಿ. ಗಂಟು ಇದ್ದವರೆಲ್ಲ ಬಯಾಪ್ಸಿಗೆ ಹೋಗಲೇಬೇಕು, ಪಟ್ಟಿ ಏನೇ ಹೇಳಲಿ. ಪಟ್ಟಿ "ಇದೆ" ಎಂದರೆ ಅವರು ಸಾಲಿನಲ್ಲಿ ಮುಂದೆ ಬರಲಿ. "ಇಲ್ಲ" ಎಂದರೆ ಅದಕ್ಕೆ ಏನೂ ಅರ್ಥವಿಲ್ಲ ಎಂದು ಪಟ್ಟಿಯ ಮೇಲೆಯೇ ಅಚ್ಚು ಹಾಕಿ. ಪಟ್ಟಿಗೆ ಬೇಗ ಮಾಡಿಸುವ ಅಧಿಕಾರ ಇರಲಿ, ತಡೆಯುವ ಅಧಿಕಾರ ಬೇಡ.

ಬಂಗಾರಪೇಟೆ ಪ್ಯಾಸೆಂಜರ್:
ಇದು ನನಗೆ ಒಪ್ಪಿಗೆ. ಹೀಗಿದ್ದರೆ ತಯಾರಿಸುವವರ ಗುರಿಯೂ ಬದಲಾಗುತ್ತದೆ. ಒಂದೇ ಪ್ರೋಟೀನಿನ ಮೇಲೆ ನಿಲ್ಲದೆ ಹಲವನ್ನು ಒಟ್ಟಿಗೆ ನೋಡಬೇಕು. ಮೈಕ್ರೊ ಆರ್‌ಎನ್‌ಎ-21ರಂಥ ಸಣ್ಣ ಅಣುಗಳು, ಎಪ್‌ಕ್ಯಾಮ್ ಕಳೆದುಕೊಂಡ ಕೋಶಗಳನ್ನೂ ಹಿಡಿಯುವ ಗುರುತುಗಳು, ಗಡ್ಡೆಯಿಂದ ಉದುರಿದ ಡಿಎನ್‌ಎ ಚೂರುಗಳು, ಹೀಗೆ. ಈ ದಿಕ್ಕಿನಲ್ಲಿ ಕೆಲಸ ನಡೆಯುತ್ತಿದೆ.

ಹಾಗೆಯೇ ಬೇರೆ ಬಗೆಯ ಸಂವೇದಕಗಳನ್ನೂ ನೆನೆಯಬೇಕು. ಐಬ್ರೆಸ್ಟ್‌ಎಕ್ಸಾಮ್ ಎಂಬ ಕೈಯಲ್ಲಿ ಹಿಡಿಯುವ ಸಾಧನವೊಂದಿದೆ. ಅದು ರಕ್ತವನ್ನೂ ಜೊಲ್ಲನ್ನೂ ಕೇಳುವುದಿಲ್ಲ. ಒತ್ತಡಕ್ಕೆ ವಿದ್ಯುತ್ ಕೊಡುವ ಪೀಜೊ ಸಂವೇದಕಗಳಿಂದ ಎದೆಯ ಯಾವ ಜಾಗ ಸುತ್ತಲಿಗಿಂತ ಗಟ್ಟಿಯಾಗಿದೆ ಎಂದು ನೋಡುತ್ತದೆ. ಬೆಂಗಳೂರಿನ ನಿರಾಮಯಿ ಸಂಸ್ಥೆಯವರು ಚರ್ಮದ ಉಷ್ಣತೆಯ ಚಿತ್ರ ತೆಗೆದು ಕಂಪ್ಯೂಟರಿನಿಂದ ವಿಶ್ಲೇಷಿಸುತ್ತಾರೆ. ಇವೆರಡೂ ಕೋಶವನ್ನು ಹಿಡಿಯುವ ಬಯೋಸೆನ್ಸರುಗಳಲ್ಲ. ಇವುಗಳ ನಂತರವೂ ಬಯಾಪ್ಸಿ ಬೇಕೇ ಬೇಕು.

ಕೋಲಾರದ ಪೆಥಾಲಜಿಸ್ಟ್:
ನಾನು ಇನ್ನೊಂದು ಜಾಗ ತೋರಿಸುತ್ತೇನೆ, ಸಂವೇದಕ ಮಾಡುವವರು ಅಲ್ಲಿಗೆ ಬೇಗ ಬರಲಿ ಎಂಬ ಆಸೆಯಿಂದ. ಬಯಾಪ್ಸಿ ಆದ ಮೇಲೆ ಹರ್-2 ಇದೆಯೇ ಇಲ್ಲವೇ ಎಂದು ಹೇಳಬೇಕು. ಅದರ ಮೇಲೆ ಟ್ರಾಸ್ಟುಜುಮಾಬ್ ಔಷಧ ಕೊಡುವ ನಿರ್ಧಾರ ನಿಂತಿದೆ. ತುಂಡನ್ನು ತೆಗೆದ ಒಂದು ಗಂಟೆಯೊಳಗೆ ಕೋಶ ಕೆಡದಂತೆ ಕಾಯುವ ಶೇಕಡಾ 10ರ ಬಫರ್ ಫಾರ್ಮಲಿನ್‌ಗೆ ಹಾಕಬೇಕು, ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಅದರಲ್ಲಿರಬೇಕು. ತಾಲ್ಲೂಕುಗಳಿಂದ ನನ್ನ ಕೈಗೆ ಬರುವ ಕೆಲವು ಬಾಟಲಿಗಳಲ್ಲಿ ಫಾರ್ಮಲಿನ್ ತುಂಡನ್ನು ಮುಳುಗಿಸುವಷ್ಟೂ ಇರುವುದಿಲ್ಲ. ಕೆಲವು ಸಲೈನಿನಲ್ಲಿ ಬರುತ್ತವೆ. ಯಾವಾಗ ತೆಗೆದದ್ದು ಎಂದು ಚೀಟಿಯಲ್ಲಿ ಇರುವುದಿಲ್ಲ. ಬಣ್ಣ ಹಾಕಿದಾಗ ಕೋಶದ ಅಂಚು ಕರಗಿಹೋಗಿ, ಹರ್-2 ಇದೆಯೋ ಇಲ್ಲವೋ ಎಂದು ಧೈರ್ಯವಾಗಿ ಬರೆಯಲಾಗುವುದಿಲ್ಲ. ಮತ್ತೆ ಸೂಜಿ ಹಾಕಿ ಎನ್ನಬೇಕಾಗುತ್ತದೆ. ಆ ಹೆಂಗಸು ಮತ್ತೆ ಕೂಲಿ ಬಿಟ್ಟು ಬರಬೇಕು.

ಸೂಜಿಯಿಂದ ತೆಗೆದ ಹಸಿ ಕೋಶಗಳಲ್ಲೇ, ತೆಗೆದ ಕೋಣೆಯಲ್ಲೇ, ಹರ್-2 ಎಷ್ಟಿದೆ ಎಂದು ನಿಮ್ಮ ಅರ್ಧವೃತ್ತ ಹೇಳುವುದಾದರೆ ನನಗೆ ಅದು ಬೇಕು. ಅಲ್ಲಿ ಕೋಶಗಳು ಸಾವಿರಗಟ್ಟಲೆ ಇರುತ್ತವೆ, ನೂರಾರು ಕೋಟಿ ಕಣಗಳ ನಡುವೆ ಐದನ್ನು ಹುಡುಕುವ ಕಷ್ಟವಿಲ್ಲ. ಕ್ಯಾನ್ಸರ್ ಇದೆಯೇ ಎಂಬುದು ಸೂಕ್ಷ್ಮದರ್ಶಕಕ್ಕೆ ಬಿಟ್ಟದ್ದು, ಯಾವ ಬಗೆ ಎಂಬುದಕ್ಕೆ ಸಂವೇದಕದ ನೆರವು. ನನ್ನ ಮಟ್ಟಿಗೆ ಇದು ಜೊಲ್ಲಿನ ಪಟ್ಟಿಗಿಂತ ಮೊದಲು ಕೈಗೆ ಸಿಗಬಹುದಾದ ಕೆಲಸ.

ಬಂಗಾರಪೇಟೆ ಪ್ಯಾಸೆಂಜರ್:
ಸರ್, ಇದನ್ನು ನಮ್ಮ ಮಾರ್ಗದರ್ಶಕರ ಮುಂದೆ ಇಡುತ್ತೇನೆ. ಆದರೆ ಆಶಾ ಅಕ್ಕ ಹೇಳಿದ ಬಾಗಿಲಿನ ಕೆಲಸವನ್ನು ಬಿಟ್ಟುಬಿಡಲು ನಾನು ಒಪ್ಪುವುದಿಲ್ಲ. ಬಯಾಪ್ಸಿ ಕೋಣೆಯವರೆಗೆ ಬಂದವಳು ಅರ್ಧ ದಾರಿ ಗೆದ್ದವಳು.

ಮಾಲೂರು ಮೇಡಂ:
ಬಾಗಿಲಿನಲ್ಲಿ ಇವತ್ತೇ ಮಾಡಬಹುದಾದದ್ದು ಏನಾದರೂ ಇದೆಯೇ, ಪಟ್ಟಿ ಬರುವವರೆಗೆ?

ಕೋಲಾರದ ಪೆಥಾಲಜಿಸ್ಟ್:
ಇದೆ, ಅದೂ ನಮ್ಮ ದೇಶದ್ದೇ ಪುರಾವೆಯೊಂದಿಗೆ. ಮುಂಬೈಯ ಕೊಳಗೇರಿಗಳಲ್ಲಿ 1998ರಿಂದ ಇಪ್ಪತ್ತು ವರ್ಷ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನರನ್ನು ತರಬೇತಿ ಪಡೆದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು, ರೋಗದ ಬಗ್ಗೆ ತಿಳಿವಳಿಕೆಯನ್ನೂ ಕೊಟ್ಟರು. ರೋಗ ಇನ್ನೂ ಆರಂಭದ ಹಂತದಲ್ಲಿರುವಾಗಲೇ ಪತ್ತೆಯಾಯಿತು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಸಾವಿನ ಮೇಲೆ ಅಂಥ ಪರಿಣಾಮ ಕಾಣಲಿಲ್ಲ, ಅದನ್ನೂ ಹೇಳಬೇಕು. ನಿಮ್ಮ ಸಂವೇದಕಗಳಿಗೆ ನಿಜವಾದ ಜಾಗ ಇರುವುದು ಆ ವಯಸ್ಸಿನಲ್ಲೇ, ಸ್ತನದ ಅಂಗಾಂಶ ದಟ್ಟವಾಗಿದ್ದು ಮ್ಯಾಮೊಗ್ರಾಂಗೂ ಸರಿಯಾಗಿ ಕಾಣದ ವಯಸ್ಸು ಅದು.

ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1,92,000 ಹೊಸ ರೋಗಿಗಳು, 98,000 ಸಾವು ಎಂದು ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕಾನ್ ಅಂದಾಜು. ರೋಗಿ ಮೊದಲ ಸಲ ಬಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ಮುಳಬಾಗಿಲಿನ ತಂಗಿಗೆ ಆ 60 ದಿನ ಮಾತ್ರೆಯಲ್ಲೇ ಕಳೆಯಿತು.

ಮಾಲೂರು ಮೇಡಂ:
ಪೋಷಕರ ಗುಂಪಿಗೆ ಹೀಗೆ ಬರೆಯುತ್ತೇನೆ, ತಿದ್ದಿ: "ಜೊಲ್ಲಿನ ಪರೀಕ್ಷೆ ಇನ್ನೂ ಸಂಶೋಧನೆಯಲ್ಲಿದೆ, ಎಲ್ಲಿಯೂ ಮಾಡಿಸಲು ಸಿಗುವುದಿಲ್ಲ. ಹಣ ಕೇಳಿದರೆ ಕೊಡಬೇಡಿ. ನೋವಿಲ್ಲದ ಗಂಟು, ಚರ್ಮದ ಕುಳಿ, ಒಳಕ್ಕೆ ಸೆಳೆದ ತೊಟ್ಟು, ರಕ್ತದ ಸ್ರಾವ ಇವುಗಳಲ್ಲಿ ಯಾವುದಿದ್ದರೂ ಹಾಲುಣಿಸುವವರೂ ಸೇರಿ ಎಲ್ಲರೂ ಕೂಡಲೇ ವೈದ್ಯರನ್ನು ಕಾಣಿ. ಮ್ಯಾಮೊಗ್ರಾಂ ಬರೆದುಕೊಟ್ಟಿದ್ದರೆ ಮುಂದೂಡಬೇಡಿ."

ಶ್ರೀನಿವಾಸಪುರದ ಆಶಾ:
ಮೇಡಂ, "ವೈದ್ಯರನ್ನು ಕಾಣಿ" ಎಂದರೆ ಯಾರೂ ಕಾಣುವುದಿಲ್ಲ. ಯಾವ ಆಸ್ಪತ್ರೆ, ಯಾವ ವಾರ, ಯಾವ ಕೋಣೆ, ಮಹಿಳಾ ವೈದ್ಯರು ಇರುತ್ತಾರೆಯೇ, ಇದನ್ನು ಬರೆಯಿರಿ. ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ತರಲು ಹೇಳಿ. ಗಡಿ ಕಡೆಯ ಹಳ್ಳಿಗಳಿಗೆ ತೆಲುಗಿನಲ್ಲೂ ಒಂದು ಪ್ರತಿ ಮಾಡಿ, ಮಾತನಾಡಿ ಧ್ವನಿಯಲ್ಲೇ ಕಳುಹಿಸಿದರೆ ಇನ್ನೂ ಒಳ್ಳೆಯದು. ತೆಲುಗು ನಾನು ಮಾಡಿಕೊಡುತ್ತೇನೆ.

ಮುಳಬಾಗಿಲಿನವನು:
"ಹಾಲಿನ ಗಂಟು ಎಂದು ಹೇಳಿ ಕಳುಹಿಸಿದರೆ ಅಲ್ಟ್ರಾಸೌಂಡ್ ಬರೆದುಕೊಡಿ ಎಂದು ಕೇಳಿ" ಎಂಬ ಸಾಲನ್ನೂ ಸೇರಿಸಿ. ಧ್ವನಿಯ ಸಂದೇಶಕ್ಕೆ ನನ್ನ ಹೆಂಡತಿ ಮಾತನಾಡುತ್ತೇನೆ ಎನ್ನುತ್ತಿದ್ದಾಳೆ.

ಮಾಲೂರು ಮೇಡಂ:
ಅವರೇ ಮಾತನಾಡಲಿ. ನನ್ನ ಬರಹಕ್ಕಿಂತ ಅದಕ್ಕೆ ಬೆಲೆ ಹೆಚ್ಚು. ಆಸ್ಪತ್ರೆಯ ದಿನ, ಕೋಣೆಯ ವಿವರ ನಾಳೆ ವಿಚಾರಿಸಿ ಇಲ್ಲೇ ಹಾಕುತ್ತೇನೆ. ಇಬ್ಬರು ತಾಯಂದಿರಲ್ಲಿ ಒಬ್ಬರು ಗುರುವಾರ ಹೋಗಲು ಒಪ್ಪಿದ್ದಾರೆ, ಜೊತೆಗೆ ನಾನು ಹೋಗುತ್ತೇನೆ. ಇನ್ನೊಬ್ಬರ ಮನೆಗೆ ಸಂಜೆ ಹೋಗಬೇಕು.

ಬಂಗಾರಪೇಟೆ ಪ್ಯಾಸೆಂಜರ್:
ಆಶಾ ಅಕ್ಕ, ನನಗೂ ಒಂದು ಮಾಹಿತಿ ಬೇಕು. ಪ್ರತಿಕಾಯ ಕೂರಿಸಿದ ಪಟ್ಟಿಗಳನ್ನು ತಣ್ಣಗೆ ಇಡಬೇಕಾಗುತ್ತದೆ. ನಿಮ್ಮ ಕೇಂದ್ರದ ಲಸಿಕೆ ಫ್ರಿಜ್‌ನಲ್ಲಿ ಒಂದು ಮೂಲೆ ಸಿಗಬಹುದೇ?

ಶ್ರೀನಿವಾಸಪುರದ ಆಶಾ:
ಸಿಗುವುದಿಲ್ಲ. ಅದರಲ್ಲಿ ಲಸಿಕೆ ಬಿಟ್ಟು ಬೇರೇನನ್ನೂ ಇಡುವಂತಿಲ್ಲ, 2ರಿಂದ 8 ಡಿಗ್ರಿ ಕಾಯಲು ದಿನಕ್ಕೆ ಎರಡು ಸಲ ಬರೆದಿಡುತ್ತಾರೆ. ನನ್ನ ಚೀಲದಲ್ಲಿ, ಬಿಸಿಲಿನಲ್ಲಿ, ಹಳ್ಳಿಯಿಂದ ಹಳ್ಳಿಗೆ ಬರುವಂಥದ್ದನ್ನೇ ಮಾಡಿ.

ಬಂಗಾರಪೇಟೆ ಪ್ಯಾಸೆಂಜರ್:
ಹಾಗಾದರೆ ಪ್ರತಿಕಾಯದ ಬದಲು ಆಪ್ಟಮರ್ ಹಾಕಿ ನೋಡುತ್ತೇನೆ. ಅದು ಡಿಎನ್‌ಎಯ ಸಣ್ಣ ಎಳೆ, 1990ರ ದಶಕದಿಂದ ಬಳಕೆಗೆ ಬಂದದ್ದು, ಪ್ರಯೋಗಾಲಯದಲ್ಲೇ ಕಟ್ಟಬಹುದು, ಒಣಗಿಸಿಟ್ಟರೆ ಬಿಸಿಯನ್ನು ಪ್ರತಿಕಾಯಕ್ಕಿಂತ ಚೆನ್ನಾಗಿ ತಡೆಯುತ್ತದೆ. 40 ಡಿಗ್ರಿಯ ಪೆಟ್ಟಿಗೆಯಲ್ಲಿ ಇಟ್ಟು ತೆಗೆದ ಪಟ್ಟಿಗಳು ಎಷ್ಟು ಕೋಶ ಹಿಡಿಯುತ್ತವೆ ಎಂಬ ನಕ್ಷೆಯನ್ನು ಇಲ್ಲಿ ಹಾಕುತ್ತೇನೆ, ಒಳ್ಳೆಯದಾಗಿ ಬಂದರೂ ಕೆಟ್ಟದಾಗಿ ಬಂದರೂ.